ಹಳೇ ನುಡಿ ಫೈಲು ತೆರೆಯೋಕೆ ನಾಲ್ಕು ದಾರಿ: ನಾನೇ ಮಾಡಿ ನೋಡಿದ್ದು

ತಾಲ್ಲೂಕು ಕಚೇರಿ ಎದುರು ನಮ್ಮದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಹೋದ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸಿ.ಡಿ. ತಂದರು. 2006ರಲ್ಲಿ ಅವರೇ ಬರೆದು ಅಚ್ಚು ಹಾಕಿಸಿದ್ದ ಊರಿನ ಚರಿತ್ರೆ; 180 ಪುಟ, ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದ ಹನ್ನೊಂದು ವರ್ಡ್ ಫೈಲು. ಮತ್ತೆ ಅಚ್ಚಾಗಬೇಕು, ಜೊತೆಗೆ ಅಮೆರಿಕದಲ್ಲಿರುವ ಮಗಳ ಫೋನಿಗೂ ಹೋಗಬೇಕು. ಮನೆಯ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದ್ದಾರೆ. ಪುಟದ ತುಂಬಾ ಪೌಂಡಿನ ಗುರುತು, ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಅಲ್ಲಲ್ಲಿ ಯಾವುದೋ ಜರ್ಮನ್ ಅಕ್ಷರ.

"ಏನಪ್ಪಾ, ನನ್ನ ಪುಸ್ತಕಕ್ಕೆ ಗೆದ್ದಲು ಹಿಡಿದಿದೆಯಾ?"

"ಗೆದ್ದಲಲ್ಲ ಮೇಷ್ಟ್ರೇ, ಫಾಂಟು. ಫೈಲು ಚೆನ್ನಾಗೇ ಇದೆ," ಅಂದೆ.

ಫೈಲು ಕೆಟ್ಟಿದೆ ಅಂತ ಬರುವವರಲ್ಲಿ ಮುಕ್ಕಾಲು ಪಾಲು ಜನರ ಫೈಲು ಕೆಟ್ಟಿರುವುದಿಲ್ಲ. ಗೊಜಲಿನ ಮುಖ ನೋಡಿದರೆ ರೋಗ ಯಾವುದು ಅಂತ ಗೊತ್ತಾಗುತ್ತದೆ. ಸಾಲುಸಾಲು ಖಾಲಿ ಚೌಕಗಳು ಕಂಡರೆ ಅದು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡವೇ, ತೋರಿಸುವ ಫಾಂಟು ಆ ಯಂತ್ರದಲ್ಲಿಲ್ಲ. ಎಕ್ಸೆಲ್‌ನಲ್ಲಿ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದಿಟ್ಟ ಪಟ್ಟಿಯ ಫೈಲು) ತೆರೆದಾಗ ತಲೆಗೀಟಿನ ಸಣ್ಣ ಎ, ಅದರ ಪಕ್ಕ ಮೇಲೆ ಕೂತ ಪುಟ್ಟ 2 ಅಥವಾ 3, ಇದೇ ಜೋಡಿ ಪದೇಪದೇ ಬರುತ್ತಿದ್ದರೆ ಅದೂ ಯೂನಿಕೋಡೇ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಪದ್ಧತಿಯಲ್ಲಿ, ಮೂರು ಬೈಟ್ ಬೇಕು, ಎಕ್ಸೆಲ್ ಆ ಮೂರನ್ನೂ ಬಿಡಿಬಿಡಿಯಾಗಿ ಓದಿರುತ್ತದೆ. ಡೇಟಾ ಮೆನುವಿನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಒತ್ತಿ, 65001 ಅಂತ ಇರುವ ಯುಟಿಎಫ್-8 ಆರಿಸಿ, ಮುಗಿಯಿತು.

ಪೌಂಡಿನ ಗುರುತು ಕಂಡರೆ ಮಾತ್ರ ಅದು ನುಡಿ ಕಾಲದ ಫೈಲು. 'ಬರಹ' ಅನ್ನುವ ಇನ್ನೊಂದು ಕನ್ನಡ ತಂತ್ರಾಂಶದ ಹಳೇ ಫಾಂಟುಗಳ ಸಂಕೇತವೂ ಹೆಚ್ಚುಕಡಿಮೆ ಇದೇ. ಇದರಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ, ಇಂಗ್ಲಿಷ್ ಗುರುತುಗಳಿಗೆ ಕನ್ನಡದ ವೇಷ ತೊಡಿಸಿರುತ್ತದೆ ಅಷ್ಟೆ. 'ಕನ್ನಡ' ಅಂತ ಬರೆದರೆ ಒಳಗೆ ಕೂರುವುದು ಏಳು ಗುರುತು: ತಲಕಟ್ಟಿಲ್ಲದ ಕ-ಗೆ ದೊಡ್ಡ ಪಿ, ತಲಕಟ್ಟಿಗೆ ಗೀಟಿನ ಎ, ನ-ಗೆ ಪೌಂಡ್, ಮತ್ತೆ ತಲಕಟ್ಟು, ನ-ಒತ್ತಿಗೆ ಆ ಜರ್ಮನ್ ಅಕ್ಷರ, ಡ-ಗೆ ಸಣ್ಣ ಕ್ಯೂ, ಮತ್ತೊಂದು ತಲಕಟ್ಟು. ಯೂನಿಕೋಡಿನಲ್ಲಿ ಅದೇ ಪದಕ್ಕೆ ಐದೇ ಸಂಕೇತ. ಫಾಂಟು ಹೋದರೆ ವೇಷ ಕಳಚಿತು.

ಮೇಷ್ಟ್ರ ಒಂದೇ ಅಧ್ಯಾಯದ ಮೇಲೆ ನಾಲ್ಕೂ ದಾರಿ ಹಿಡಿದು ನೋಡಿದೆ.

ಮೊದಲನೆಯದು, ಸೋಮಾರಿಯ ದಾರಿ: ಹಳೇ ಫಾಂಟನ್ನೇ ತಂದು ಹಾಕುವುದು. ಫೈಲಿನಲ್ಲಿ ಎಲ್ಲಾದರೂ ಕರ್ಸರ್ ಇಟ್ಟರೆ ಮೇಲಿನ ಪೆಟ್ಟಿಗೆಯಲ್ಲಿ ಫಾಂಟಿನ ಹೆಸರು ಕಾಣುತ್ತದೆ. ಅದೇ ಹೆಸರಿನದು ಬೇಕು, ಅಕ್ಕಪಕ್ಕದ್ದಲ್ಲ. ಹತ್ತು ನಿಮಿಷದಲ್ಲಿ ಪುಟ 2006ರಲ್ಲಿ ಹೇಗಿತ್ತೋ ಹಾಗೇ ಎದ್ದು ನಿಂತಿತು. ಸಾಲು ಮುರಿಯುವ ಜಾಗ, ಪುಟಸಂಖ್ಯೆ ಯಾವುದೂ ಕದಲಲಿಲ್ಲ. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಬರೀ ಪ್ರಿಂಟು ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಪಿಡಿಎಫ್ ಮಾಡುವಾಗ ಫಾಂಟು ಒಳಗೇ ಸೇರಿಕೊಂಡರೆ ಫೋನಿನಲ್ಲೂ ಸರಿಯಾಗೇ ಕಾಣುತ್ತದೆ. ಆದರೆ ಆ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಮತ್ತೆ ಪೌಂಡು. ಕನ್ನಡದಲ್ಲಿ ಟೈಪು ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ.

ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಹಳೇ ಫಾಂಟಿನಲ್ಲಿ ಏನಾದರೂ ತಿದ್ದುವ ಮೊದಲು ವರ್ಡಿನ ಆಟೋಕರೆಕ್ಟ್ (ತಾನೇ ತಿದ್ದುವ ಸೌಲಭ್ಯ) ಆಫ್ ಮಾಡಬೇಕು. ವರ್ಡು ಇದನ್ನೆಲ್ಲ ಇಂಗ್ಲಿಷ್ ಅಂತಲೇ ತಿಳಿದು ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ. ನುಡಿಯಲ್ಲಿ ಸಣ್ಣ ಜಿ ಅಂದರೆ ರ, ದೊಡ್ಡ ಜಿ ಅಂದರೆ ಉ. 'ರಾಜ' ಅಂತ ಶುರುವಾಗುವ ವಾಕ್ಯ ಕಣ್ಣು ಮಿಟುಕಿಸುವಷ್ಟರಲ್ಲಿ 'ಉಾಜ' ಆಗಿರುತ್ತದೆ.

ಎರಡನೆಯದು ಜಾಲದಲ್ಲಿ ಸಿಗುವ ಪರಿವರ್ತಕ. ಈ ಕಡೆ ಪೆಟ್ಟಿಗೆಗೆ ಹಳೇ ಪಠ್ಯ ಅಂಟಿಸಿದರೆ ಆ ಕಡೆ ಯೂನಿಕೋಡ್. ಒಂದು ಅರ್ಜಿ, ಒಂದು ಮದುವೆ ಕರೆಯೋಲೆ ಇದ್ದರೆ ಕಣ್ಣುಮುಚ್ಚಿ ಇದನ್ನೇ ಬಳಸಿ. ಪುಸ್ತಕಕ್ಕೆ ಸಾಲದು. ದಪ್ಪಕ್ಷರ, ಅಡಿಟಿಪ್ಪಣಿ, ಕೋಷ್ಟಕ ಎಲ್ಲ ಉದುರಿಹೋಗಿ ಬರೀ ಪಠ್ಯ ಉಳಿಯಿತು. ಅದಕ್ಕಿಂತ ದೊಡ್ಡ ತಲೆನೋವು ಇಂಗ್ಲಿಷಿನದು. ಮೇಷ್ಟ್ರು ಶಾಸನಗಳಿಗೆ 'ಎಪಿಗ್ರಾಫಿಯಾ ಕರ್ನಾಟಿಕಾ' ಅನ್ನುವ ಶಾಸನ ಸಂಪುಟಗಳನ್ನು ಇಂಗ್ಲಿಷ್ ಲಿಪಿಯಲ್ಲೇ (Epigraphia Carnatica) ಉಲ್ಲೇಖಿಸಿದ್ದರು. ಪರಿವರ್ತಕಕ್ಕೆ ಅದು ಇಂಗ್ಲಿಷ್ ಅಂತ ಹೇಗೆ ಗೊತ್ತಾಗಬೇಕು? ದೊಡ್ಡ ಇ ಅಂದರೆ ಇ, ದೊಡ್ಡ ಸಿ ಅಂದರೆ ಅ. ಹಾಗಾಗಿ ಗ್ರಂಥದ ಹೆಸರು ಒಂದು ಇ-ಇಂದ, ಒಂದು ಅ-ಇಂದ ಶುರುವಾಗುವ ಎರಡು ಮಂತ್ರಗಳಾಗಿ ಹೊರಬಂತು. ಮೇಷ್ಟ್ರು ಓದಿ, "ಇದು ಯಾವ ಭಾಷೆಯ ಶಾಸನವಯ್ಯಾ?" ಅಂದರು.

ಮೂರನೆಯದರ ಹತ್ತಿರ ನಾನು ಎರಡು ದಿನ ಕೂತೆ. ಕಂಪ್ಯೂಟರಿಗೇ ಇಳಿಸಿಕೊಂಡು ವರ್ಡ್ ಫೈಲನ್ನೇ ಇಡಿಯಾಗಿ ಬದಲಿಸುವ ಪರಿವರ್ತಕ ಇದು. ಕೋಷ್ಟಕ ಉಳಿಯಿತು, ದಪ್ಪಕ್ಷರ ಉಳಿಯಿತು. ಇಂಗ್ಲಿಷನ್ನು ಉಳಿಸಿಕೊಳ್ಳುವ ಉಪಾಯ ನಮ್ಮ ಕೈಯಲ್ಲೇ ಇತ್ತು. ವರ್ಡಿನಲ್ಲಿ ಒಂದು ಇಂಗ್ಲಿಷ್ ಪದದ ಮೇಲೆ ಕರ್ಸರ್ ಇಟ್ಟು, ಹೋಮ್ ಮೆನುವಿನ ಸೆಲೆಕ್ಟ್‌ನಲ್ಲಿ ಒಂದೇ ತರಹದ ಫಾರ್ಮ್ಯಾಟಿಂಗ್ ಇರುವುದನ್ನೆಲ್ಲ ಆರಿಸು ಅಂದರೆ ಟೈಮ್ಸ್ ನ್ಯೂ ರೋಮನ್‌ನಲ್ಲಿರುವುದೆಲ್ಲ ಒಟ್ಟಿಗೆ ಸಿಗುತ್ತದೆ. ಅದಕ್ಕೆ ಹಳದಿ ಬಳಿದುಬಿಟ್ಟೆ. ಬದಲಿಸಿದ ಮೇಲೆ ಹಳದಿ ಇದ್ದಲ್ಲೆಲ್ಲ ಮೂಲ ನೋಡಿ ಸರಿಮಾಡಿದರೆ ಆಯಿತು, 180 ಪುಟ ಹುಡುಕಬೇಕಾಗಿಲ್ಲ.

ಹಾಗಂತ ಇದೂ ಪೂರ್ತಿ ನಂಬುವಂಥದ್ದಲ್ಲ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ಹಿಂದೆ ಕೂರುತ್ತದೆ. ಯೂನಿಕೋಡಿನಲ್ಲಿ ರ-ಕಾರ ಅಕ್ಷರಕ್ಕಿಂತ ಮುಂಚೆ ಬರಬೇಕು. ಪರಿವರ್ತಕ ಅದನ್ನು ಎತ್ತಿ ಮುಂದಿಡಬೇಕು. ಎಡವಿದಲ್ಲಿ 'ಸರ್ಕಾರ' ಹೋಗಿ 'ಸಕಾರ್ರ' ಆಗಿತ್ತು. ಇನ್ನೊಂದು ಮ-ಕಾರ. ನುಡಿಯಲ್ಲಿ ಮ ಅಂತ ಪ್ರತ್ಯೇಕ ಅಚ್ಚೇ ಇಲ್ಲ, ವ-ಗೆ ತಲಕಟ್ಟು ಕೊಟ್ಟು ಪಕ್ಕಕ್ಕೊಂದು ಕೊಂಬು ಅಂಟಿಸಿದರೆ ಮ. 'ವು'ಗೂ 'ಮ'ಗೂ ಇರುವ ಅಂತರ ಒಂದೇ ಗುರುತು, ಅಷ್ಟರಲ್ಲೇ ಯಾವ ಕೊಂಬು ಅಂತ ತೀರ್ಮಾನವಾಗಬೇಕು. ಯ-ಕಾರ ಇನ್ನೂ ತಮಾಷೆ: ಸೊನ್ನೆಯಿಂದ ಶುರುಮಾಡಿ ನಾಲ್ಕು ತುಂಡು ಜೋಡಿಸಿ ಒಂದು ಯ. ಇದನ್ನು ಕಟ್ಟಿದವರು ಪುಣ್ಯಾತ್ಮರು. 256 ಮನೆಯಲ್ಲಿ ಇಡೀ ಕನ್ನಡವನ್ನು, ಒತ್ತಕ್ಷರ ಸಮೇತ ಸಂಸಾರ ಹೂಡಿಸಿದ್ದಾರೆ.

ನಾಲ್ಕನೆಯದು ಓಸಿಆರ್. ಪುಸ್ತಕವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಯಂತ್ರಕ್ಕೆ ಓದಿಸುವುದು. ಪಿಡಿಎಫ್ಅನ್ನು ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಹೊರಬರುತ್ತದೆ, ಉಚಿತವಾಗಿ ಸಿಗುವ ಟೆಸರಾಕ್ಟ್‌ಗೂ ಕನ್ನಡ ಬರುತ್ತದೆ. ಇಂಗ್ಲಿಷ್, ಕನ್ನಡ ಬೆರೆತಿದ್ದರೂ ಇದಕ್ಕೆ ಗೊಂದಲವಿಲ್ಲ, ಯಾಕೆಂದರೆ ಇದು ನೋಡುವುದು ಆಕಾರವನ್ನು. ತಪ್ಪುಗಳ ಜಾತಿಯೇ ಬೇರೆ. ಪರಿವರ್ತಕ ಒಂದು ಕಡೆ ಮಾಡಿದ ತಪ್ಪನ್ನು ಎಲ್ಲ ಕಡೆಯೂ ಮಾಡುತ್ತದೆ, ಒಂದು 'ರಿಪ್ಲೇಸ್ ಆಲ್'ಗೆ ಹೋಗುತ್ತದೆ. ಓಸಿಆರ್ ಈ ಸಾಲಿನಲ್ಲಿ ಸರಿಯಾಗಿ ಓದಿದ 'ಥ'ವನ್ನು ಮುಂದಿನ ಸಾಲಿನಲ್ಲಿ 'ಧ' ಅನ್ನುತ್ತದೆ. ಅಕ್ಷರ ಬಿಡದೆ ಓದದ ಹೊರತು ಗೊತ್ತಾಗುವುದಿಲ್ಲ. ಫೈಲೇ ಕಳೆದುಹೋಗಿ ಪುಸ್ತಕ ಮಾತ್ರ ಉಳಿದಿದ್ದರೆ ಬೇರೆ ಗತಿಯಿಲ್ಲ. ಫೈಲಿದ್ದೂ ಓಸಿಆರ್‌ಗೆ ಹೋಗುವುದು ಬಾವಿ ಬಿಟ್ಟು ಬಾನಿಗೆ ಬಾಯಿ ಬಿಟ್ಟ ಹಾಗೆ.

ಲಿಬ್ರೆಆಫೀಸ್‌ನಲ್ಲಿ (ವರ್ಡಿನಂಥದೇ ಇನ್ನೊಂದು ತಂತ್ರಾಂಶ) ತೆರೆದರೆ ಸರಿಹೋಗುತ್ತಾ ಅಂತ ಬಹಳ ಜನ ಕೇಳುತ್ತಾರೆ. ಫಾಂಟಿನ ರೋಗಕ್ಕೆ ಅದು ಮದ್ದಲ್ಲ, ಅಲ್ಲೂ ಪೌಂಡೇ. ಆದರೆ ಸಿ.ಡಿ. ಗೀರಿ ಒಂಬತ್ತನೇ ಅಧ್ಯಾಯ ನಿಜವಾಗಿಯೂ ಕೆಟ್ಟಿತ್ತು, ವರ್ಡಿನ 'ಓಪನ್ ಅಂಡ್ ರಿಪೇರ್' ಕೈಚೆಲ್ಲಿತು, ಲಿಬ್ರೆಆಫೀಸ್ ಕೊನೆಯ ಎರಡು ಪುಟ ಬಿಟ್ಟು ಉಳಿದದ್ದನ್ನು ತೆಗೆದುಕೊಟ್ಟಿತು. ಆ ಎರಡು ಪುಟಕ್ಕೆ ಮಾತ್ರ ಓಸಿಆರ್ ಮಾಡಿದೆ. ಶ್ರೀಲಿಪಿ ಅನ್ನುವ ಬೇರೊಂದು ತಂತ್ರಾಂಶದಲ್ಲಿ ಮಾಡಿದ ಫೈಲಿದ್ದರೆ ನುಡಿ ಪರಿವರ್ತಕಕ್ಕೆ ಕೊಡಬೇಡಿ, ಅದರ ಸಂಕೇತವೇ ಬೇರೆ. ಗೊಜಲಿನಿಂದ ಇನ್ನೊಂದು ಗೊಜಲು ಹುಟ್ಟುತ್ತದೆ.

ಕೊನೆಗೆ ಮಾಡಿದ್ದು ಒಂದನೇ ಮತ್ತು ಮೂರನೇ ದಾರಿಯ ಕೂಡಿಕೆ. ಮೊದಲು ಹಳೇ ಫಾಂಟು ಹಾಕಿ ಎಲ್ಲ ಅಧ್ಯಾಯಗಳ ಪ್ರಿಂಟು ತೆಗೆದೆ. ಆಮೇಲೆ ಮೂಲವನ್ನು ಮುಟ್ಟದೆ ಅದರ ಪ್ರತಿಯನ್ನು ಪರಿವರ್ತಿಸಿದೆ. ಮೇಷ್ಟ್ರು ಪ್ರಿಂಟು ಹಿಡಿದು ಗಟ್ಟಿಯಾಗಿ ಓದುವುದು, ನಾನು ಪರದೆಯ ಮೇಲೆ ತಿದ್ದುವುದು. ಸಂಜೆ ಐದರ ಮೇಲೆ ಗಿರಾಕಿ ಕಡಿಮೆ, ಒಂಬತ್ತು ಸಂಜೆ ಹಿಡಿಯಿತು. ಕಾಫಿ ಖರ್ಚು ಅವರದೇ.

ಆರನೇ ಸಂಜೆ ಪುಟ 94ರಲ್ಲಿ ಪರದೆಯ ಮೇಲೆ 'ಉಾಜ' ಸಿಕ್ಕಿತು. ಪರಿವರ್ತಕಕ್ಕೆ ಬೈದು ಪ್ರಿಂಟು ನೋಡಿದರೆ ಅಲ್ಲೂ ಅದೇ. ಮೇಷ್ಟ್ರು ಚೀಲದಿಂದ 2006ರ ಪುಸ್ತಕ ತೆಗೆದು ಪುಟ ತಿರುವಿದರು. ಅಚ್ಚಿನಲ್ಲೂ ಅದೇ 'ಉಾಜ', ಹೊಸ ಪ್ಯಾರಾದ ಮೊದಲ ಪದವಾಗಿ ಕೂತಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು.

"ಸಾವಿರ ಪ್ರತಿ ಹಂಚಿದ್ದೆನಲ್ಲಯ್ಯಾ. ಒಬ್ಬನಾದರೂ ಹೇಳಬೇಡವಾ?"