ಮಲೆನಾಡಿನ ರಜೆ ಮನೆಗೆ ಹಾಕಿದ ಸಾಮಾನು: ಯಾವುದು ಉಳಿಯಿತು, ಯಾವುದು ಬೂಷ್ಟು ಹಿಡಿಯಿತು

ವರ್ಷದಲ್ಲಿ ಮುಕ್ಕಾಲು ಪಾಲು ಬೀಗ ಹಾಕಿರುವ ಮನೆಗೆ ಸಾಮಾನು ಕೊಳ್ಳುವುದೇ ಬೇರೆ ಲೆಕ್ಕ. ಮನೆ ತೀರ್ಥಹಳ್ಳಿ ಕಡೆ ಇದ್ದರಂತೂ ಅಂಗಡಿಯವರ ವಾರಂಟಿ ಕಾರ್ಡ್ ಪಕ್ಕಕ್ಕಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಕೋಣೆಯಲ್ಲಿ ಆ ವಸ್ತು ಏನಾಗುತ್ತದೆ ಅನ್ನೋದೊಂದೇ ಪ್ರಶ್ನೆ. ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ, ಆನ್‌ಲೈನ್ ವಿಮರ್ಶೆಗಳಲ್ಲೂ ಸಿಗುವುದಿಲ್ಲ. ಅಲ್ಲಿ ಬರೆಯುವವರೆಲ್ಲ ಸಾಮಾನು ಬಂದ ವಾರವೇ ಐದು ಸ್ಟಾರ್ ಕೊಟ್ಟಿರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ, ಆಗುಂಬೆ ರಸ್ತೆಯಿಂದ ಸ್ವಲ್ಪ ಒಳಗೆ. ಜಗಲಿ, ನಡುಮನೆ, ಅಟ್ಟ, ಹಿಂದೆ ಬಚ್ಚಲು. ಈಗ ಅಲ್ಲಿ ಯಾರೂ ಕಾಯಂ ಇಲ್ಲ. ದೊಡ್ಡಪ್ಪನ ಮನೆಯವರು, ಚಿಕ್ಕಪ್ಪನ ಮನೆಯವರು, ನಾವು, ಎಲ್ಲರೂ ಸೇರಿ ದುಡ್ಡು ಹಾಕಿ ಅದನ್ನು ರಜೆಗೆ ಹೋಗಿ ಇರುವಂಥ ಮನೆ ಮಾಡಿಕೊಂಡಿದ್ದೇವೆ. ದಸರಾ, ಕ್ರಿಸ್‌ಮಸ್ ರಜೆ, ಬೇಸಿಗೆ, ನಡುವೆ ಯಾವುದಾದರೂ ಉದ್ದದ ವಾರಾಂತ್ಯ. ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಇರುತ್ತದೆ.

ಮೊದಲು ಕೆಟ್ಟ ಸುದ್ದಿ. ಭಾವ ಆನ್‌ಲೈನ್‌ನಲ್ಲಿ ಒಂದು ಟಿವಿ ಸ್ಟ್ಯಾಂಡ್, ಒಂದು ಬಟ್ಟೆ ಬೀರು ತರಿಸಿದ್ದರು. ನೋಡಲು ಚೆಂದವೇ ಇತ್ತು, ತಿಳಿ ಬಣ್ಣ, ನೀಟಾದ ಅಂಚು. ಕಂಪನಿ ಹೆಸರು ಬೇಡ, ಈ ದರದಲ್ಲಿ ಸಿಗುವ ಹೆಚ್ಚಿನವು ಇದೇ ಜಾತಿಯವು. ಒಳಗಿರುವುದು ಮರವಲ್ಲ, ಮರದ ಚೂರಿಗೆ ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡ್, ಮೇಲೆ ಕಾಗದದಂಥ ಪದರ. ಅಂಚಿನ ಪಟ್ಟಿ ಒಂದು ಕಡೆ ಬಿಟ್ಟರೆ ಸಾಕು, ಥಂಡಿ ಒಳಗೆ ಹೋಗಿ ಊದಿಕೊಳ್ಳುತ್ತದೆ. ಊದಿದ್ದು ಒಣಗಿದ ಮೇಲೂ ಹಳೆ ಆಕಾರಕ್ಕೆ ಬರುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ. ದಸರಾಕ್ಕೆ ಹೋಗಿ ಬೀರುವಿನ ಬಾಗಿಲು ತೆಗೆದರೆ ಬಾಗಿಲು ಕೈಗೇ ಬಂತು. ಗ್ರಾಹಕ ಸೇವೆಗೆ ಫೋನ್ ಮಾಡಿದರೆ "ತೇವಾಂಶದಿಂದ ಆದ ಹಾನಿಗೆ ವಾರಂಟಿ ಇಲ್ಲ ಸರ್" ಅಂದರು. ಊರಿನ ಆಚಾರ್ರು ಬಂದು ನೋಡಿ ನಕ್ಕರು. "ಇದು ಮಳೆಗಾಲದ ಹಪ್ಪಳ ಮಾರಾಯ್ರೆ, ಇದಕ್ಕೆ ಎಂಥ ರಿಪೇರಿ ಮಾಡುದು?"

ಅದರ ಜಾಗಕ್ಕೆ ಅವರೇ ಒಂದು ಬೀರು ಮಾಡಿಕೊಟ್ಟರು. ಹಳೆ ಭತ್ತದ ಪಣತ ಬಿಚ್ಚಿದಾಗ ಸಿಕ್ಕಿದ ಹಲಸಿನ ಹಲಗೆಗಳು ಅಟ್ಟದಲ್ಲಿ ಬಿದ್ದಿದ್ದವು, ಅವನ್ನೇ ಬಳಸಿದರು. ಹಿಂಬದಿಗೆ ಪ್ಲೈವುಡ್ ಹಾಕುವಾಗ ಒಂದು ಕಿವಿಮಾತು ಹೇಳಿದರು, ನಿಮಗೂ ಉಪಯೋಗಕ್ಕೆ ಬರಬಹುದು. ಹಾಳೆಯ ಮೇಲಿನ ಐಎಸ್ಐ ಮುದ್ರೆ ನೋಡಿ. ಐಎಸ್ 303 ಅಂದರೆ ಸಾಮಾನ್ಯ ಪ್ಲೈ, ಅದರಲ್ಲೂ ಎಂಆರ್ ಅಂತ ಇದ್ದರೆ ತುಸು ತೇವ ತಡೆಯುತ್ತದೆ ಅಷ್ಟೇ. ಐಎಸ್ 710 ಅಂದರೆ ಮೆರೀನ್ ಪ್ಲೈ, ನೀರಿಗೂ ತಡೆಯುವಂಥದ್ದು. ದುಬಾರಿ, ಆದರೆ ಈ ಊರಿಗೆ ಅದೇ ಸರಿ. ಅಂಗಡಿಯವರು "ಎಲ್ಲಾ ವಾಟರ್‌ಪ್ರೂಫೇ" ಅಂತಾರೆ, ನಂಬಬೇಡಿ, ಮುದ್ರೆ ಓದಿ. ಬೀರುವಿನ ಕಾಲುಗಳಡಿ ಕಲ್ಲಿನ ತುಂಡು ಇಟ್ಟು ನೆಲದಿಂದ ಎತ್ತರಿಸಿದ್ದೇವೆ, ಗೋಡೆಗೂ ಒರಗಿಸಿಲ್ಲ. ಒರಲೆ ಹತ್ತಿದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಇನ್ನು ಇಡೀ ಮನೆಯಲ್ಲಿ ನನಗೆ ತುಂಬಾ ಇಷ್ಟವಾದ ಸಾಮಾನು ನವಲಗುಂದದ ಜಮಖಾನೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ನಿಂತ ಮಗ್ಗದಲ್ಲಿ ಕೈಯಿಂದ ನೇಯುವುದು ಇದು, ಭೌಗೋಳಿಕ ಸೂಚಕ ಪಟ್ಟ ಸಿಕ್ಕಿದೆ. ನವಿಲು, ಪಗಡೆ ಹಾಸು, ಚೌಕುಳಿಗಳ ವಿನ್ಯಾಸ. ಹುಬ್ಬಳ್ಳಿಗೆ ಮದುವೆಗೆ ಹೋದಾಗ ಹಾಗೇ ನವಲಗುಂದಕ್ಕೂ ಹೋಗಿ ತಂದದ್ದು. ಕೆಂಪು ನೆಲದ ಮೇಲೆ ಹಾಸಿದರೆ ನಡುಮನೆಗೆ ಬೇರೆ ಅಲಂಕಾರವೇ ಬೇಡ. ಮಧ್ಯಾಹ್ನ ಮಕ್ಕಳು ಅದರ ಮೇಲೇ ಚೌಕಾಬಾರ ಆಡಿ ಅಲ್ಲೇ ಮಲಗುತ್ತಾರೆ, ನೆಂಟರು ಜಾಸ್ತಿ ಬಂದ ರಾತ್ರಿ ದೊಡ್ಡವರೂ ಅಲ್ಲೇ. ಎರಡೂ ಬದಿ ಒಂದೇ ಥರ ಇರುವುದರಿಂದ ಒಂದು ಬದಿ ಕೊಳೆಯಾದರೆ ತಿರುವಿ ಹಾಕಬಹುದು. ಕೊರತೆ ಅಂದರೆ ಮೊದಲ ಸಲ ಒಗೆದಾಗ ಕೆಂಪು ಸ್ವಲ್ಪ ಬಿಟ್ಟಿತು. ತಣ್ಣೀರಲ್ಲಿ ಬೇರೆಯಾಗೇ ಒಗೆಯಿರಿ. ಒದ್ದೆಯಾದರೆ ಎತ್ತಲು ಇಬ್ಬರು ಬೇಕು. ಹತ್ತಿಯದ್ದು ಥಂಡಿ ಹೀರುತ್ತದೆ ನಿಜ, ಆದರೆ ಬಿಸಿಲು ಕಂಡರೆ ಅಷ್ಟೇ ಬೇಗ ಬಿಡುತ್ತದೆ. ಮೇ ಕೊನೆಗೆ ಅಂಗಳದಲ್ಲಿ ಚೆನ್ನಾಗಿ ಒಣಗಿಸಿ, ಸುತ್ತಿ, ಅಟ್ಟದಲ್ಲಿ ಹಗ್ಗಕ್ಕೆ ತೂಗುಹಾಕಿ ಬರುತ್ತೇವೆ.

ಇದಕ್ಕೆ ಹೋಲಿಸಲು ಇನ್ನೊಂದು ಕೋಣೆಯಲ್ಲಿ ಪೇಟೆಯ ಕಾರ್ಪೆಟ್ ಇತ್ತು, ಅಡಿಯಲ್ಲಿ ರಬ್ಬರ್ ಇರುವಂಥದ್ದು. ಥಂಡಿ ಅದರ ಅಡಿಯಲ್ಲೇ ಸಿಕ್ಕಿಕೊಂಡು ರಬ್ಬರ್ ಜಿನುಗಿ ನೆಲಕ್ಕೆ ಅಂಟಿತು. ಕಿತ್ತಾಗ ರೆಡ್ ಆಕ್ಸೈಡ್ ನೆಲದ ಮೇಲೆ ಬಿಳಿ ಕಲೆ. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

ನೆಲದ ಮಾತು ಬಂದಾಗ ಹೇಳುತ್ತೇನೆ. ಎಲ್ಲರೂ "ಟೈಲ್ಸ್ ಹಾಕಿಸಿ, ಕ್ಲೀನ್ ಮಾಡೋದು ಸುಲಭ" ಅಂದರು. ಹಾಕಿಸಲಿಲ್ಲ. ಹಳೆ ಕೆಂಪು ನೆಲ ಒಡೆದ ಕಡೆ ಮಾತ್ರ ತೇಪೆ ಹಾಕಿಸಿದೆವು. ತೇಪೆಯ ಬಣ್ಣ ಹಳೆಯದಕ್ಕೆ ಹೊಂದಲಿಲ್ಲ, ಹೊಂದಿಸುವ ಗಾರೆಯವರು ಈಗ ಸಿಗುವುದೂ ಕಷ್ಟ. ಆದರೂ ಪರವಾಗಿಲ್ಲ. ಟೈಲ್ಸ್ ಹಾಕಿಸಿಕೊಂಡ ನೆಂಟರ ಮನೆಯಲ್ಲಿ ಜುಲೈ ತಿಂಗಳಲ್ಲಿ ನೆಲ ಬೆವರಿ, ಅಜ್ಜಿಯಂದಿರು ಗೋಡೆ ಹಿಡಿದುಕೊಂಡು ನಡೆಯುವುದನ್ನು ನೋಡಿದ್ದೇನೆ.

ಜಗಲಿಗೆ ಬೆತ್ತದ ಕುರ್ಚಿ. ಇದರ ಬಗ್ಗೆ ಮನೆಯಲ್ಲಿ ಎರಡು ಪಕ್ಷ ಇದೆ. ಚಿಕ್ಕಪ್ಪನ ಮಗ ಪ್ಲಾಸ್ಟಿಕ್ ಹೆಣಿಗೆಯದ್ದು ತಂದ, ಬೆತ್ತದ ಥರವೇ ಕಾಣುತ್ತದೆ. ಅದಕ್ಕೆ ಬೂಷ್ಟು ಬಂದರೂ ಪೈಪು ಹಿಡಿದು ತೊಳೆದರೆ ಆಯಿತು, ಒಪ್ಪುತ್ತೇನೆ. ಆದರೆ ಒಳಗಿನ ಕಬ್ಬಿಣದ ಕಾಲು ತುಕ್ಕು ಹಿಡಿದು ಕೆಂಪು ನೀರು ಇಳಿಯಿತು, ಬೇಸಿಗೆಯಲ್ಲಿ ಕೂತರೆ ಬೆನ್ನು ಬೆವರುತ್ತದೆ. ನಿಜವಾದ ಬೆತ್ತಕ್ಕೆ ಆರೈಕೆ ಬೇಕು. ಮಳೆ ಮುಗಿದ ಮೇಲೆ ಬೂಷ್ಟನ್ನು ಒಣ ಬಟ್ಟೆಯಲ್ಲಿ ಒರೆಸಿ ನೆರಳು ಬಿಸಿಲು ಎರಡೂ ಇರುವ ಕಡೆ ಇಡಬೇಕು. ಕುರ್ಚಿಯಡಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಕೊರೆಯುತ್ತಿದೆ ಅಂತ ಅರ್ಥ, ಕೂಡಲೇ ಅದನ್ನು ಬೇರೆ ಮಾಡಿ ಮದ್ದು ಹೊಡೆಯಬೇಕು. ಇಷ್ಟೆಲ್ಲಾ ಮಾಡಿಯೂ ನಾನು ಬೆತ್ತದ ಪಕ್ಷವೇ. ಸಂಜೆ ಕಾಫಿ ಹಿಡಿದು ಕೂರಲು ಅದಕ್ಕೆ ಸಾಟಿ ಇಲ್ಲ.

ಹಾಸಿಗೆ: ಫೋಮ್ ಬೇಡ. ಮುಗ್ಗುಲು ವಾಸನೆ ಒಮ್ಮೆ ಹಿಡಿದರೆ ಹೋಗುವುದಿಲ್ಲ. ಹತ್ತಿ ಹಾಸಿಗೆ ತೂಕ, ಗಂಟಾಗುತ್ತದೆ, ಆದರೆ ಬಿಸಿಲಿಗೆ ಹಾಕಿ ಕೋಲಲ್ಲಿ ಬಡಿದರೆ ಹೊಸದಾಗುತ್ತದೆ. ಮಂಚಕ್ಕೆ ಪೂರ್ತಿ ಪ್ಲೈ ಬದಲು ಪಟ್ಟಿಗಳನ್ನು ಬಡಿಸಿ, ಗಾಳಿ ಆಡಲಿ.

ಅಲಂಕಾರ ಅಂತ ನಿಜವಾಗಿ ಖರ್ಚು ಮಾಡಿದ್ದು ಎರಡಕ್ಕೆ. ಒಂದು, ಹಸೆ ಚಿತ್ತಾರ. ಸಾಗರ ಕಡೆಯ ದೀವರ ಹೆಂಗಸರು ಮದುವೆ ಮನೆಯ ಗೋಡೆ ಮೇಲೆ ಬರೆಯುವ ಚಿತ್ರ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಗೊತ್ತಿದ್ದ ಒಬ್ಬರನ್ನು ಕರೆಸಿ ನಡುಮನೆಯ ಒಂದೇ ಗೋಡೆಗೆ ಬರೆಸಿದೆವು. ಅವರು ಬಂದವರೇ ಮೊದಲು ಕೇಳಿದ್ದು, "ಗೋಡೆಗೆ ಎಂಥ ಬಳ್ದೀರಿ?" ಅಂತ. ಪ್ಲಾಸ್ಟಿಕ್ ಪೇಂಟ್ ಇದ್ದ ಗೋಡೆಯನ್ನು ಮುಟ್ಟಲೇ ಇಲ್ಲ. ಕಾರಣ ನಮಗೆ ಮುಂದಿನ ವರ್ಷ ಕಂಡಿತು: ಹಳೆ ಮಣ್ಣು ಗೋಡೆಯೊಳಗಿನ ತೇವ ಹೊರಗೆ ಬರಲು ದಾರಿ ಇಲ್ಲದೆ ಆ ಪೇಂಟ್ ಗುಳ್ಳೆ ಎದ್ದು ಹಾಳೆ ಹಾಳೆಯಾಗಿ ಸುಲಿಯಿತು. ಸುಣ್ಣದ ಗೋಡೆಯೂ ಕೆಮ್ಮಣ್ಣಿನ ಗೋಡೆಯೂ ಹಾಗೆ ಮಾಡಲಿಲ್ಲ. ಚಿತ್ತಾರ ಅಲ್ಲಲ್ಲಿ ಮಸುಕಾಗಿದೆ, ಅದು ಸಹಜ, ಮತ್ತೆ ಬರೆಸಬಹುದು. ಜಗಲಿಯ ಹೊರಗೋಡೆಗೆ ಮಾತ್ರ ಬರೆಸಬೇಡಿ. ಇರಿಚಲು ಹೊಡೆದರೆ ಒಂದೇ ಮಳೆಗೆ ಹೋಗುತ್ತದೆ.

ಎರಡನೆಯದು ಗಾಜಿನ ಹೆಂಚು. ಇದಕ್ಕೆ ನನ್ನ ಪೂರ್ತಿ ಅಂಕ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕಡೆಯ ಸೋಗೆ ಮಾಡುಗಳೆಲ್ಲ, ಅಂದರೆ ಸೋಗೆ ಹೊದಿಸಿದ ಚಾವಣಿಗಳೆಲ್ಲ, ಒಂದೊಂದಾಗಿ ಹೆಂಚಾದವು. ಆ ಮಂಗಳೂರು ಹೆಂಚಿನ ಅಳತೆಗೇ ಗಾಜಿನ ಹೆಂಚು ಸಿಗುತ್ತದೆ. ಒಂದು ಮಣ್ಣಿನ ಹೆಂಚು ತೆಗೆದು ಇದನ್ನು ಕೂರಿಸಿದರೆ ಮುಗಿಯಿತು. ನಡುಮನೆಗೆ, ಅಡುಗೆ ಮನೆಗೆ ಬೇಕಾದಷ್ಟು ಹಾಕಿಸಿದೆವು. ಹಗಲಲ್ಲಿ ದೀಪ ಬೇಡ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು ಕೋಲು ಜಮಖಾನೆಯ ನವಿಲಿನ ಮೇಲೆ ಬಿದ್ದರೆ ಬೆಂಗಳೂರಿನ ಯಾವ ಇಂಟೀರಿಯರ್ ಡಿಸೈನರ್ ಕೊಟ್ಟರೂ ಬರದ ನೋಟ. ತೊಂದರೆ ಎಂದರೆ ಮಂಗ. ಮಾಡಿನ ಮೇಲೆ ಹಾರಿ ಹೆಂಚು ಸರಿಸುತ್ತವೆ, ಒಡೆಯುತ್ತವೆ. ನಾಲ್ಕಾರು ಹೆಂಚು ಯಾವಾಗಲೂ ದಾಸ್ತಾನು ಇರಲಿ.

ಕರೆಂಟಿನ ವಿಷಯ ಚುಟುಕಾಗಿ. ಇನ್ವರ್ಟರ್ ಹಾಕಿಸಿ, ಆದರೆ ಬ್ಯಾಟರಿಯನ್ನು ತಿಂಗಳುಗಟ್ಟಲೆ ಸುಮ್ನೆ ಬಿಟ್ಟರೆ ಚಾರ್ಜ್ ಇಳಿದು ಸಾಯುತ್ತದೆ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಲು, ಆಗಾಗ ಚಾರ್ಜಿಗೆ ಹಾಕಲು ಊರಲ್ಲಿ ಒಬ್ಬರು ಬೇಕು. ಸಿಡಿಲಿನ ಕಾಲದಲ್ಲಿ ಟಿವಿ, ವೈಫೈ ಪ್ಲಗ್ ಕಿತ್ತೇ ಇರಬೇಕು.

ತೇವ ಹೀರುವ ಡಬ್ಬಿಗಳೂ ಬರುತ್ತವೆ, ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದವು, ಕೆಳಗೆ ನೀರು ಕೂಡಿಕೊಳ್ಳುತ್ತದೆ. ಮುಚ್ಚಿದ ಬೀರುವಿನೊಳಗೆ ಚೆನ್ನಾಗಿಯೇ ಕೆಲಸ ಮಾಡಿತು, ಅಮ್ಮನ ರೇಷ್ಮೆ ಸೀರೆಗಳು ಉಳಿದವು. ಕೋಣೆಗೆ ಇಟ್ಟರೆ ದಂಡ. ಹೆಂಚಿನ ಸಂದಿಯಿಂದ ಆಗುಂಬೆಯ ಮೋಡವೇ ಒಳಗೆ ಬರುತ್ತಿರುವಾಗ ಡಬ್ಬಿ ಎಷ್ಟು ಹೀರೀತು? ಈ ಎಲ್ಲಕ್ಕಿಂತ ಹೆಚ್ಚು ಪ್ರಯೋಜನ ಆದದ್ದು ಪಕ್ಕದ ಮನೆಯ ಅಕ್ಕ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಂದು ಕಿಟಕಿ ತೆಗೆದು ಬಚ್ಚಲ ಒಲೆಗೆ ಬೆಂಕಿ ಹಾಕಿ ಹೋಗುವುದರಿಂದ. ಆ ಬಿಸಿ, ಹೊಗೆ ಅಟ್ಟದವರೆಗೂ ಏರುತ್ತದೆ. ಅವರಿಗೆ ಕೊಡುವ ಹಣವನ್ನು ಖರ್ಚು ಅಂತ ಲೆಕ್ಕ ಹಾಕುವವರು ಒಂದು ಬೀರುವಿನ ಬೆಲೆ ನೋಡಲಿ.

ಮನೆ ಹೀಗೆ ಸಿದ್ಧವಾದ ಮೇಲೆ ತಿರುಗಾಟದ ರೀತಿಯೇ ಬದಲಾಯಿತು. ಮೊದಲು ಎರಡು ದಿನದಲ್ಲಿ ಶೃಂಗೇರಿ, ಆಗುಂಬೆ, ಸಿರಿಮನೆ ಜಲಪಾತ ಎಲ್ಲಾ ಮುಗಿಸಬೇಕು ಅಂತ ಓಡುತ್ತಿದ್ದೆವು. ಈಗ ದಿನಕ್ಕೊಂದೇ ಜಾಗ. ಬೆಳಿಗ್ಗೆ ಕುಂದಾದ್ರಿ ಹತ್ತಿ ಬಸದಿ, ಪಕ್ಕದ ಕೊಳ ನೋಡಿ ಬಂದರೆ ಮಧ್ಯಾಹ್ನ ಊಟ, ನಿದ್ದೆ. ಇನ್ನೊಂದು ದಿನ ಕವಲೇದುರ್ಗ. ಶಿವಮೊಗ್ಗದಿಂದ ಬರುವ ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರ ಸಿಗುತ್ತದೆ, ಬೆಳಿಗ್ಗೆಯೇ ಹೋಗಬೇಕು, ತಡವಾದರೆ ಆನೆಗಳು ಕಾಡಿಗೆ ಹೋಗಿರುತ್ತವೆ. ಮನೆ ಅಲಂಕರಿಸಲು ಹೊರಟವರಿಗೆ ಕುಪ್ಪಳ್ಳಿಯ ಕವಿಮನೆ ನೋಡಲು ಹೇಳುತ್ತೇನೆ. ಕಂಬ, ತೊಟ್ಟಿ, ಕಡಿಮೆ ಸಾಮಾನು, ಅಷ್ಟರಲ್ಲೇ ಮನೆ ಎಷ್ಟು ತುಂಬಿಕೊಂಡಂತಿದೆ ನೋಡಿ. ಆಗುಂಬೆ ಸೂರ್ಯಾಸ್ತ ಮಳೆಗಾಲದಲ್ಲಿ ಬೇಡ, ಬಿಳಿ ಮೋಡ ಬಿಟ್ಟರೆ ಏನೂ ಕಾಣದು. ನವೆಂಬರ್ ಮೇಲೆ ಹೋಗಿ.

ತಿರುಗಾಟಕ್ಕೆ ಬೇಕಾದ್ದು ಮನೆಯಲ್ಲಿ ಮೂರೇ: ಬಾಗಿಲ ಹತ್ತಿರ ಒದ್ದೆ ಚಪ್ಪಲಿ ಬಿಡಲು ಕಲ್ಲಿನ ಕಟ್ಟೆ, ಉಂಬಳಕ್ಕೆ (ಕಾಡಿನ ಜಿಗಣೆಗೆ) ಉಪ್ಪಿನ ಡಬ್ಬಿ, ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸಲು ಬಿದಿರಿನ ಗಳ. ಗಳದ ಬಟ್ಟೆ ಹೊಗೆ ವಾಸನೆ ಬರುತ್ತದೆ ಅಂತ ಮಗಳ ತಕರಾರು. ಒದ್ದೆ ಬಟ್ಟೆಗಿಂತ ವಾಸಿ ಅಲ್ವಾ?

ಸದ್ಯ ಬಾಕಿ ಇರುವುದು ಅಟ್ಟದ ಕೋಣೆ. ಅತ್ತಿಗೆಗೆ ಅಲ್ಲಿ ಜಿಪ್ಸಂ ಫಾಲ್ಸ್ ಸೀಲಿಂಗ್ ಬೇಕಂತೆ, ಕಸ ಉದುರುವುದಿಲ್ಲ, ದೀಪ ಒಳಗೇ ಕೂರಿಸಬಹುದು ಅಂತ. ನಾನು ಬೇಡ ಅನ್ನುತ್ತಿದ್ದೇನೆ. ಮಂಗ ಹೆಂಚು ಸರಿಸಿದರೆ ಈಗ ಸೋರುವ ಜಾಗ ಕೂಡಲೇ ಗೊತ್ತಾಗುತ್ತದೆ, ಬೋರ್ಡ್ ಅಡ್ಡ ಬಂದರೆ ಅದು ನೆನೆದು ಕೆಳಗೆ ಬೀಳುವವರೆಗೆ ಗೊತ್ತಾಗುವುದಿಲ್ಲ. ಮಲೆನಾಡಿನ ಹೆಂಚಿನ ಮನೆಗೆ ಯಾರಾದರೂ ಅದನ್ನು ಹಾಕಿಸಿ ಮಳೆಗಾಲ ದಾಟಿಸಿದ್ದರೆ ಫೋಟೋ ಸಮೇತ ಬರೆಯಿರಿ. ಮಾರ್ಚ್ ಒಳಗೆ ಆಚಾರ್ರಿಗೆ ಮಾತು ಕೊಡಬೇಕು, ಏಪ್ರಿಲ್ ಮೇಲೆ ಅವರು ಕೈಗೆ ಸಿಗುವುದಿಲ್ಲ.