ರೀಬಿಲ್ಡ್ ಕೈಕೊಟ್ಟಾಗ ಗ್ನು ಡಿಡಿರೆಸ್ಕ್ಯೂ

ನಾಲ್ಕು ಡಿಸ್ಕಿನ ರೇಡ್ 5, ಅಂದರೆ ಒಂದು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ಅದರ ಡೇಟಾ ಲೆಕ್ಕಹಾಕಬಲ್ಲ ಡಿಸ್ಕ್‌ಗಳ ಗುಂಪು (ಅರೇ). ಒಂದು ಹೋಯಿತೆಂದು ಹೊಸದು ಹಾಕಿ ರೀಬಿಲ್ಡ್‌ಗೆ ಬಿಟ್ಟರೆ, ಅರ್ಧದಲ್ಲಿ ಇನ್ನೊಂದು ಡಿಸ್ಕ್ ರೀಡ್ ಎರರ್ ಕೊಟ್ಟು ಅರೇ ಮಲಗುತ್ತದೆ. ರೀಬಿಲ್ಡ್ ಅಂದರೆ ಉಳಿದ ಮೂರನ್ನೂ ಆದಿಯಿಂದ ಅಂತ್ಯದವರೆಗೆ ಓದುವುದು. ವರ್ಷಗಟ್ಟಲೆ ಯಾರೂ ಮುಟ್ಟದ ಜಾಗದ ಹುಳುಕು ಹೊರಬೀಳುವುದೇ ಆಗ. ಇಂಥ ಹೊತ್ತಿನಲ್ಲಿ ಪುಕ್ಕಟೆ ಸಿಗುವ ಡಿಡಿರೆಸ್ಕ್ಯೂವನ್ನು ಧೈರ್ಯವಾಗಿ ನೆಚ್ಚಬಹುದು. ಅದಕ್ಕೆ ರೇಡ್ ಗೊತ್ತಿಲ್ಲ, ಡಿಸ್ಕ್ ನಕಲು ಮಾಡುವುದಷ್ಟೇ ಗೊತ್ತು ಎಂಬುದು ನೆನಪಿದ್ದರೆ ಸಾಕು.

ಉಬುಂಟು, ಡೆಬಿಯನ್‌ನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ನಡುವೆ ಅಡಿಗೆರೆ ಇರುವ ಡಿಡಿ_ರೆಸ್ಕ್ಯೂ ಬೇರೆಯದೇ ಸಾಧನ. ಈ ಗೊಂದಲ ಇನ್ನೂ ತೀರಿಲ್ಲ.

ಇದರ ಜೀವ ಮ್ಯಾಪ್‌ಫೈಲಿನಲ್ಲಿದೆ. ಯಾವ ಭಾಗ ಬಂತು, ಯಾವುದು ಬಾಕಿ ಎಂದು ಬರೆದಿಡುವುದರಿಂದ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿದ್ದರೆ ಮ್ಯಾಪ್‌ಫೈಲನ್ನು ಬೇರೆ ಪೆನ್‌ಡ್ರೈವಿನಲ್ಲಿಡಿ, ರ್ಯಾಮ್‌ನಲ್ಲಿದ್ದದ್ದು ರೀಬೂಟಿಗೆ ಹೋಯಿತು. ಎರರ್ ಕೊಟ್ಟ ಡಿಸ್ಕನ್ನು ಮೊದಲ ಸುತ್ತಿನಲ್ಲಿ -ಎಫ್ (ಗುರಿ ಡಿಸ್ಕಿನ ಮೇಲೆ ಬರೆಯಲು ಒಪ್ಪಿಗೆ) -ಡಿ (ಡಿಸ್ಕಿನಿಂದ ನೇರ ಓದು) -ಎನ್ (ಕಷ್ಟದ ಭಾಗ ಕೆರೆಯದೆ ಬಿಡು) ಕೊಟ್ಟು ಓಡಿಸಿ: ಸುಲಭವಾಗಿ ಬರುವುದೆಲ್ಲ ಮೊದಲು ಬಂದುಬಿಡುತ್ತದೆ. ಸೆಕೆಂಡಿಗೆ 150 ಎಂಬಿ ಸಿಕ್ಕರೆ 4 ಟಿಬಿಗೆ ಸುಮಾರು ಏಳೂವರೆ ಗಂಟೆ. ಅದೇ ಮ್ಯಾಪ್‌ಫೈಲ್ ಇಟ್ಟುಕೊಂಡು, -ಎನ್ ತೆಗೆದು -ಆರ್3 (ಮೂರು ಸಲ ಮರುಪ್ರಯತ್ನ) ಹಾಕಿದರೆ ಎರಡನೇ ಸುತ್ತು. ಹುಳುಕು ಹೆಚ್ಚಿದ್ದರೆ ಇದಕ್ಕೆ ದಿನಗಟ್ಟಲೆ ಬೇಕು. ಆಜ್ಞೆಯಲ್ಲಿ ಮೂಲ ಡಿಸ್ಕ್ ಮೊದಲು, ಗುರಿ ಡಿಸ್ಕ್ ಆಮೇಲೆ. -ಎಫ್ ಇದ್ದಾಗ ಅದಲುಬದಲಾದರೆ ಇದ್ದ ಡೇಟಾವೂ ಅಳಿಸಿಹೋಗುತ್ತದೆ, ಆದ್ದರಿಂದ ಎಸ್‌ಡಿಬಿ, ಎಸ್‌ಡಿಸಿ ಹೆಸರು ನಂಬದೆ ಸೀರಿಯಲ್ ನಂಬರ್ ನೋಡಿ ಕೊಡಿ. ಗುರಿ ಡಿಸ್ಕ್ ಒಂದು ಸೆಕ್ಟರ್ ಚಿಕ್ಕದಾದರೂ ಆಗದು.

ಮುಂದಿನದು ಲಿನಕ್ಸಿನಲ್ಲಿ ರೇಡ್ ನಿಭಾಯಿಸುವ ಎಂಡಿಆಡಮ್‌ನ ಕೆಲಸ. ಎಕ್ಸಾಮಿನ್ ಕೊಟ್ಟು ಈವೆಂಟ್ ಕೌಂಟ್ (ಪ್ರತಿ ಡಿಸ್ಕಿನಲ್ಲಿ ದಾಖಲಾದ ಅರೇ ಬದಲಾವಣೆಗಳ ಎಣಿಕೆ) ಹೋಲಿಸಿ, ಎರಡು ಒಳ್ಳೆಯ ಡಿಸ್ಕ್ ಮತ್ತು ಈ ನಕಲು, ಮೂರನ್ನೇ ಅಸೆಂಬಲ್ ಫೋರ್ಸ್ ಮಾಡಿ (ಬಲವಂತವಾಗಿ ಅರೇಗೆ ಜೋಡಿಸಿ), ಫೈಲ್‌ಸಿಸ್ಟಮ್ಮನ್ನು ರೀಡ್-ಓನ್ಲಿ ಮೌಂಟ್ ಮಾಡಿ. ಅರ್ಧ ತುಂಬಿದ ಹೊಸ ಡಿಸ್ಕ್ ಹೊರಗೇ ಇರಲಿ. ಹೊಸದಾಗಿ ಅರೇ ಕಟ್ಟುವ ಕ್ರಿಯೇಟ್ ಆಜ್ಞೆಯ ತಂಟೆಗೆ ಹೋಗಬೇಡಿ.

ಇಲ್ಲೊಂದು ಕೊರತೆ. ಓದಲಾಗದ ಸೆಕ್ಟರಿನ ಜಾಗ ನಕಲಿನಲ್ಲಿ ಭರ್ತಿಯಾಗದೆ ಉಳಿದಿದ್ದರೂ ಎಂಡಿಆಡಮ್ ಅದನ್ನು ಸರಿಯಾದ ಡೇಟಾ ಎಂದೇ ಓದುತ್ತದೆ, ಎರರ್ ಬರುವುದಿಲ್ಲ. ಡಿಡಿರೆಸ್ಕ್ಯೂನ ಫಿಲ್-ಮೋಡ್‌ನಲ್ಲಿ ಆ ಜಾಗಕ್ಕೆ ಗುರುತಿನ ಪದ ತುಂಬಿ, ಅದನ್ನು ಫೈಲುಗಳಲ್ಲಿ ಗ್ರೆಪ್ ಆಜ್ಞೆಯಿಂದ ಹುಡುಕಿದರೆ ಕೆಟ್ಟ ಫೈಲುಗಳು ಸಿಗುತ್ತವೆ, ಆದರೆ ಎಲ್ಲವೂ ಅಲ್ಲ: ಕಾಣೆಯಾದ ಡಿಸ್ಕಿನ ಭಾಗವನ್ನು ಉಳಿದವುಗಳ ಎಕ್ಸಾರ್‌ನಿಂದ (ಬಿಟ್‌ಗಳನ್ನು ಬೆರೆಸುವ ಲೆಕ್ಕ) ಲೆಕ್ಕಹಾಕುವಾಗ ಆ ಪದ ಕಲಸಿಹೋಗಿ ಗುರುತೇ ಸಿಗುವುದಿಲ್ಲ. ಹಳೆಯ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಪಟ್ಟಿ ಇದ್ದರೆ ಅದರೊಂದಿಗೆ ಹೋಲಿಸಿ. ಇಲ್ಲದಿದ್ದರೆ ಮುಖ್ಯ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಬೇಕು.