ತಡಿಯಂಡಮೋಳಿಗೆ ಯಾವ ಶೂ? ಹೂಮಳೆ ಕಾಲಕ್ಕೆ ಮೂರು ಬಗೆಗಳ ವಿಮರ್ಶೆ

ಫೆಬ್ರವರಿ ಕಳೆಯುತ್ತಿದ್ದಂತೆ ಬೆಟ್ಟ ಹತ್ತಲು ಹೊರಟವರು ಮಡಿಕೇರಿ, ವಿರಾಜಪೇಟೆಯ ಶೂ ಅಂಗಡಿಗಳಲ್ಲಿ ಮೊದಲು ಕೇಳುವುದು ‘ವಾಟರ್‌ಪ್ರೂಫ್ ಇದೆಯಾ’ ಎಂದು. ಕೊಡಗೆಂದರೆ ಮಳೆ ಎನ್ನುವ ಲೆಕ್ಕ. ಆದರೆ ಮಾರ್ಚಿನ ತಡಿಯಂಡಮೋಳ್ ಒಣ ಬೆಟ್ಟ. ಆಗ ಕಾಲು ಕೆಡುವುದು ಬೆವರಿನಿಂದ, ಸಡಿಲ ಜಲ್ಲಿಯಿಂದ, ಇಳಿಯುವಾಗ ಮುಂದಕ್ಕೆ ಜಾರುವ ಪಾದದಿಂದ. ಮಳೆಗಾಲದ ಶೂವನ್ನು ಈ ಕಾಲಕ್ಕೆ ಕೊಳ್ಳುವುದು ದಂಡದ ಖರ್ಚು.

ದಾರಿ ನೋಡಿದರೆ ಕಾರಣ ತಿಳಿಯುತ್ತದೆ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯಿಂದ ಹೊರಟರೆ ಮೊದಲಿಗೆ ಕಾಫಿ ತೋಟಗಳ ನಡುವಿನ ಗಟ್ಟಿ ರಸ್ತೆ. ಆಮೇಲೆ ನೆರಳಿಲ್ಲದ ಹುಲ್ಲುಗಾವಲು. ಗಟ್ಟಿ ಮಣ್ಣಿನ ಮೇಲೆ ಗೋಲಿಯಂತೆ ಉರುಳುವ ಸಣ್ಣ ಕಲ್ಲು. ಕೊನೆಗೆ ಶೋಲಾ, ಅಂದರೆ ಬೆಟ್ಟದ ಮಡಿಲಿನ ದಟ್ಟ ಕಾಡಿನ ಕಡಿದಾದ ಏರು, ಬೇರುಗಳ ಮೆಟ್ಟಿಲು, ಅದಾದ ಮೇಲೆ 1748 ಮೀಟರಿನ ತುದಿ. ಒಂದೇ ಶೂ ಈ ಮೂರನ್ನೂ ತಾಳಬೇಕು.

ಮೊದಲನೆಯದು, ಮೆಂಬ್ರೇನ್ (ನೀರು ತಡೆಯುವ ತೆಳು ಪದರ) ಇರುವ ವಾಟರ್‌ಪ್ರೂಫ್ ಬೂಟು, ಕಾಲಿನ ಹರಡು ಮುಚ್ಚುವಷ್ಟು ಎತ್ತರದ್ದು. ಹೊರಗೆ ತಂಪಾಗಿ, ಗಾಳಿ ಒಣಗಿದ್ದರೆ ಮಾತ್ರ ಮೆಂಬ್ರೇನ್ ಒಳಗಿನ ಬೆವರಿನ ಆವಿಯನ್ನು ಸರಿಯಾಗಿ ಹೊರಗೆ ಬಿಡುತ್ತದೆ. ಏಪ್ರಿಲ್‌ನ ಸೆಕೆಯಲ್ಲಿ ಆವಿ ಒಳಗೇ ಉಳಿದು ಕಾಲುಚೀಲ ನೆನೆಯುತ್ತದೆ, ನೆನೆದ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ. ಮೇಲಿನಿಂದ ಒಮ್ಮೆ ನೀರು ಹೊಕ್ಕರೆ ಅದೂ ಹೊರಗೆ ಹೋಗದು. ಹರಡು ಪದೇ ಪದೇ ಉಳುಕುವವರಿಗೆ ಎತ್ತರದ ಬೂಟು ಬೇಕೇ ಆದರೆ, ಮೆಂಬ್ರೇನ್ ಇಲ್ಲದ್ದನ್ನೇ ಹುಡುಕಿ.

ಎರಡನೆಯದು, ಜಾಲರಿ ಬಟ್ಟೆಯ ಗಿಡ್ಡ ಹೈಕಿಂಗ್ ಶೂ. ನಮ್ಮ ಆಯ್ಕೆ ಇದೇ. ಹಗುರ, ನೆನೆದರೂ ನಡೆಯುತ್ತಲೇ ಆರುತ್ತದೆ. ನೋಡಬೇಕಾದದ್ದು ಮೂರು: ಅಡಿಯ ಹಲ್ಲು 4ರಿಂದ 5 ಮಿಲಿಮೀಟರ್ ಆಳವಿದ್ದು ನಡುವೆ ಅಂತರವಿರಬೇಕು, ಇಲ್ಲದಿದ್ದರೆ ಜಲ್ಲಿ ಸಿಕ್ಕಿಕೊಂಡು ಅಡಿ ನುಣುಪಾಗುತ್ತದೆ, ಬೆರಳಿನ ಮುಂದೆ ರಬ್ಬರ್ ಕಟ್ಟು ಇರಬೇಕು, ಹಿಮ್ಮಡಿಯ ಭಾಗ ಒತ್ತಿದರೆ ಮಡಚಬಾರದು. ರಸ್ತೆಯಲ್ಲಿ ಓಡುವ ಶೂ ಇದಕ್ಕೆ ಬದಲಿಯಲ್ಲ. ಅದರ ಹಲ್ಲು ಇಳಿಜಾರಿನ ಜಲ್ಲಿಗೆ ಹಿಡಿಯುವುದೇ ಇಲ್ಲ.

ಮೂರನೆಯದು ಕ್ಯಾನ್ವಾಸ್ ಜಂಗಲ್ ಬೂಟು. ವಾಟರ್‌ಪ್ರೂಫ್ ಬೂಟಿನ ಒಂದು ಜೊತೆಯ ದುಡ್ಡಿಗೆ ಇದು ಹಲವು ಜೊತೆ ಬರುತ್ತದೆ. ಮುಳ್ಳು, ಹುಲ್ಲಿನ ಅಂಚು ತಾಗದು, ಬೇಗ ಒಣಗುತ್ತದೆ. ಕೊರತೆ ಇರುವುದು ಅಡಿಯಲ್ಲಿ. ರಬ್ಬರ್ ಗಟ್ಟಿ, ಒಳಗೆ ಮೆತ್ತೆ ಇಲ್ಲ, ರಸ್ತೆಯ ಭಾಗದಲ್ಲೇ ಅಂಗಾಲು ಸೋಲುತ್ತದೆ. ಬೇರೆ ಇನ್‌ಸೋಲ್ ಹಾಕಿದರೆ ಒಂದು ದಿನದ ಚಾರಣಕ್ಕೆ ಧಾರಾಳ ಸಾಕು. ಹಾಗೆ ಹಾಕುವುದಾದರೆ ಒಂದು ಸೈಜು ದೊಡ್ಡದು ಕೊಳ್ಳಿ. ತೋಟದ ಗಂಬೂಟು ತೋಟಕ್ಕೇ ಚೆನ್ನ.

ಹೊಸದು ಕೊಳ್ಳುವ ಮೊದಲು ಮನೆಯಲ್ಲಿರುವ ಹಳೆಯ ಶೂ ಪರೀಕ್ಷಿಸಿ. ಕೊಡಗಿನಲ್ಲಿ ಶೂ ಕೆಡುವುದು ನಡೆದದ್ದಕ್ಕಿಂತ ಇಟ್ಟದ್ದರಿಂದ. ಹಲವು ಬೂಟುಗಳ ಮಿಡ್‌ಸೋಲ್ (ಅಡಿಗೂ ಪಾದಕ್ಕೂ ನಡುವಿನ ಮೆತ್ತನೆಯ ಪದರ) ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ನೊರೆಯದು. ಗಾಳಿಯ ತೇವವನ್ನು ಹೀರಿ ಅದು ಒಳಗೊಳಗೇ ಮುರಿಯುತ್ತದೆ, ಹಾಕದೆ ಇಟ್ಟರೂ ಬಿಡದು. ಹಲವು ಮಳೆಗಾಲ ಕಪಾಟಿನಲ್ಲೇ ಕಳೆದ ಬೂಟು ಹೊರಗಿಂದ ಹೊಸದರಂತೆ ಕಂಡರೂ ಬೆಟ್ಟದ ನಡುವೆ ಅಡಿ ಕಳಚಿ ಬೀಳಬಹುದು. ಮಿಡ್‌ಸೋಲಿನ ಪಕ್ಕಕ್ಕೆ ಉಗುರು ಒತ್ತಿ: ಪುಡಿ ಉದುರಿದರೆ, ಅಂಟಂಟಾದರೆ, ಗೆರೆ ಬಿರುಕು ಕಂಡರೆ ಅದು ಮುಗಿದ ಶೂ, ಚಮ್ಮಾರರಲ್ಲಿ ಅಂಟು ಹಾಕಿಸಿದರೂ ನಿಲ್ಲದು. ಇವಿಎ ಎಂಬ ಇನ್ನೊಂದು ಬಗೆಯ ನೊರೆಯ ಮಿಡ್‌ಸೋಲಿಗೆ ಈ ಕಾಟವಿಲ್ಲ, ಕಾಲ ಕಳೆದಂತೆ ಚಪ್ಪಟೆಯಾಗುತ್ತದೆ ಅಷ್ಟೆ. ಅಂಗಡಿಯಲ್ಲೂ ಡಬ್ಬದ ಮೇಲಿನ ತಯಾರಿಕೆಯ ತಿಂಗಳು, ವರ್ಷ ಓದಿ. ರಿಯಾಯಿತಿಯಲ್ಲಿ ಸಿಗುವ ಪಾಲಿಯುರೆಥೇನ್ ಶೂ ಎಷ್ಟೋ ಸಲ ಹಳೆಯ ಸರಕು. ಅಡಿ ಬಿಟ್ಟರೆ ಕಟ್ಟಿಕೊಳ್ಳಲು ಚೀಲದಲ್ಲಿ ಎರಡು ಮೀಟರ್ ಗಟ್ಟಿ ಹುರಿ ಇರಲಿ. ಬೆರಳಿನ ಕೆಳಗೆ ಒಂದು ಸುತ್ತು, ಹಿಮ್ಮಡಿಯ ಕೆಳಗೆ ಒಂದು ಸುತ್ತು.

ಅಳತೆ ನೋಡುವುದು ಸಂಜೆಗೆ, ಕಾಲು ಊದಿಕೊಂಡ ಮೇಲೆ, ಬೆಟ್ಟಕ್ಕೆ ಹಾಕುವ ಕಾಲುಚೀಲದ ಜೊತೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಅಂಗಡಿಯ ಮೆಟ್ಟಿಲಲ್ಲಿ ಇಳಿದು ನೋಡಿ, ಬೆರಳು ಮುಂದೆ ತಾಗಿದರೆ ಆ ಜೊತೆ ಬೇಡ. ಇಳಿಯುವಾಗ ಉಗುರು ಕಪ್ಪಾಗುವುದು ಸೈಜಿನಿಂದ ಮಾತ್ರವಲ್ಲ, ಸಡಿಲ ಲೇಸಿನಿಂದಲೂ. ಮೇಲಿನ ಕೊನೆಯ ತೂತಿಗೆ ಲೇಸನ್ನು ಅಡ್ಡ ದಾಟಿಸದೆ, ಅದೇ ಬದಿಯಲ್ಲಿ ಸಣ್ಣ ಕುಣಿಕೆ ಮಾಡಿ. ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಬಿಗಿಯಾಗಿ ಎಳೆದು ಕಟ್ಟಿ. ಹಿಮ್ಮಡಿ ಹಿಂದೆಯೇ ಕೂರುತ್ತದೆ. ತುದಿ ತಲುಪಿ, ಇಳಿಯುವ ಮೊದಲು ಒಮ್ಮೆ ಬಿಚ್ಚಿ ಹೀಗೆ ಕಟ್ಟಿದರೂ ಸಾಕು. ಉಗುರು ಕತ್ತರಿಸುವುದು ಮೂರ್ನಾಲ್ಕು ದಿನ ಮೊದಲೇ, ಹೊರಡುವ ಬೆಳಿಗ್ಗೆಯಲ್ಲ. ಹೊಸ ಶೂ ಆದರೆ ಎರಡು ವಾರ ಮೊದಲೇ ಹಾಕಿ ನಡೆಯಿರಿ.

ಮೊದಲ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಬಿದ್ದರೆ ಒಂದು ಸೇರ್ಪಡೆ. ಕಾಫಿ ಹೂ ಅರಳಲು ಎಂಟು-ಹತ್ತು ದಿನ ಬೇಕು, ತೋಟದ ನೆರಳಲ್ಲೂ ಶೋಲಾದಲ್ಲೂ ಇಂಬಳ (ಜಿಗಣೆ) ಏಳಲು ಅಷ್ಟು ಹೊತ್ತು ಬೇಡ. ಜಾಲರಿ ಶೂವಿಗೆ ಇಂಬಳ ತಡೆಯುವ ಶಕ್ತಿಯಿಲ್ಲ. ಒತ್ತಾಗಿ ನೇಯ್ದ ಹತ್ತಿಯ ಇಂಬಳದ ಕಾಲುಚೀಲವನ್ನು ಮಾಮೂಲಿ ಕಾಲುಚೀಲದ ಮೇಲೆ, ಪ್ಯಾಂಟನ್ನು ಒಳಗೆ ಸೇರಿಸಿ, ಮೊಣಕಾಲಿನ ಕೆಳಗೆ ಕಟ್ಟಬೇಕು. ಅಳತೆ ನೋಡುವಾಗ ಇದೂ ಕಾಲಲ್ಲಿರಲಿ, ಅರ್ಧ ಸೈಜು ಇದೇ ತಿನ್ನುತ್ತದೆ. ಹಿಗ್ಗುವ ನೈಲಾನ್‌ನದು ಉಪಯೋಗವಿಲ್ಲ, ಎಳೆಗಳ ಸಂದಿನಿಂದ ಇಂಬಳ ಬಾಯಿ ಹಾಕುತ್ತದೆ. ಚೀಲವನ್ನು ಹೊಗೆಸೊಪ್ಪು, ಸುಣ್ಣದ ನೀರಲ್ಲಿ ಅದ್ದಿ ಒಣಗಿಸಿದರೆ ಇನ್ನೂ ಒಳ್ಳೆಯದು. ಮಳೆ ಬೀಳದ ವರ್ಷ ಒಣಹುಲ್ಲಿನ ಉಣುಗಿಗೂ ಇದೇ ಚೀಲ ಅಡ್ಡಿ.

ಇನ್ನೊಂದು ಮಾತು, ದುಡ್ಡು ಕೊಡುವ ಮೊದಲು. ಕಾಳ್ಗಿಚ್ಚಿನ ಭಯವಿದ್ದಾಗ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಚಾರಣ ದಾರಿಗಳನ್ನು ಮುಚ್ಚುತ್ತದೆ. 2024ರಲ್ಲಿ ಶುರುವಾದ ಅರಣ್ಯ ವಿಹಾರ ಜಾಲತಾಣದಲ್ಲಿ ದಾರಿ ತೆರೆದಿದೆಯೇ ನೋಡಿ, ಟಿಕೆಟ್ ಮಾಡಿ, ಆಮೇಲೆ ಶೂ ಕೊಳ್ಳಿ.

ಬೆಟ್ಟ ಮುಗಿಸಿ ಬಂದ ಮೇಲೆ ಇನ್‌ಸೋಲ್ ತೆಗೆದು, ಮಣ್ಣು ತೊಳೆದು, ಹಳೆಯ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ತಿಂಗಳಿಗೊಮ್ಮೆ ಹಾಕಿ ಅಂಗಳದಲ್ಲಾದರೂ ನಡೆಯಿರಿ. ಒಲೆಯ ಮೇಲಿನ ಅಟ್ಟ ಬೇಡ, ಶಾಖಕ್ಕೆ ಅಂಟು ಬಿಡುತ್ತದೆ.